ಬಳ್ಳಾರಿಗೆ ಬಂದ ಪಾದ್ರಿ ಜಾನ್ ಹ್ಯಾಂಡ್ಸ್

ನಾನು ಬಾದನಹಟ್ಟಿಯವನು. ಬಳ್ಳಾರಿ, ಕುರುಗೋಡು, ಸಿರುಗುಪ್ಪಗಳ ನಡುವಣ ಎರೆಭೂಮಿಯಲ್ಲಿ ಹುಟ್ಟಿ ಬೆಳೆದು, ಕನ್ನಡ ಪಂಡಿತ ಪರೀಕ್ಷೆಗೆ ಓದಿ, ಹೈಸ್ಕೂಲಿನಲ್ಲಿ ಹುಡುಗರಿಗೆ ಸಂಧಿ ಸಮಾಸಗಳನ್ನು ಹೇಳಿಕೊಡುತ್ತ ತಲೆ ನರೆತವನು. ಈ ಹೊತ್ತು ನಿಮ್ಮ ಮುಂದೆ ಒಬ್ಬ ಕ್ರೈಸ್ತ ಧರ್ಮಬೋಧಕರ ವಿಷಯ ಮಾತನಾಡಲು ಕುಳಿತಿರುವುದಕ್ಕೆ ನಮ್ಮ ತರಗತಿಯ ಒಬ್ಬ ಹುಡುಗನೇ ಕಾರಣ.

ಒಂದು ದಿನ ಪಾಠದ ನಡುವೆ ಒಂದು ಹಳಗನ್ನಡ ಶಬ್ದಕ್ಕೆ ಅರ್ಥ ನೋಡಬೇಕಾಗಿ ಬಂದಿತು. ಪುಸ್ತಕಭಂಡಾರದಿಂದ ಕಿಟ್ಟೆಲರ ನಿಘಂಟನ್ನು ತರಿಸಿದೆ. ಬೆನ್ನು ಸಡಿಲಿದ ಆ ದೊಡ್ಡ ಗ್ರಂಥವನ್ನು ಇಬ್ಬರು ಹುಡುಗರು ಮಗುವನ್ನು ಎತ್ತಿಕೊಂಡು ಬರುವಂತೆ ತಂದರು. ಇದನ್ನು ಬರೆದವರು ಯಾರೆಂದು ಹೇಳಿದೆ. ಆಗ ಮುಂದಿನ ಸಾಲಿನ ಹುಡುಗನೊಬ್ಬ ಎದ್ದು, "ಸಾರ್, ಅವರು ನಮ್ಮ ದೇವರನ್ನು ಬಿಡಿಸೋದಕ್ಕೆ ಬಂದವರಲ್ಲವೆ? ಅಂಥವರು ನಮಗೇಕೆ ನಿಘಂಟು ಬರೆದುಕೊಟ್ಟರು?" ಎಂದು ಕೇಳಿದ. ಕೇಳಿದ ಬಗೆಯಲ್ಲಿ ದ್ವೇಷವಿರಲಿಲ್ಲ. ಮನೆಯಲ್ಲಿಯೋ ಬೀದಿಯಲ್ಲಿಯೋ ಕೇಳಿದ್ದನ್ನು ಒಪ್ಪಿಸಿದಂತಿತ್ತು. ಆದರೆ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಒಬ್ಬ ಕ್ರೈಸ್ತರ ಹುಡುಗ ತಲೆ ತಗ್ಗಿಸಿದ್ದನ್ನು ನಾನು ಕಂಡೆ.

"ಅವರಿಗೆ ಕನ್ನಡದ ಮೇಲೆ ಪ್ರೀತಿಯಿತ್ತಪ್ಪಾ" ಎಂದಷ್ಟೇ ಹೇಳಿ ಪಾಠವನ್ನು ಮುಂದುವರಿಸಿದೆ. ಸಂಜೆ ಮನೆಗೆ ನಡೆಯುವಾಗ, ಆ ಉತ್ತರ ಅರ್ಧ ಸತ್ಯವೆಂದು ತೋರಿತು. ಕೇಳಿದವನಿಗೂ ಅದರಿಂದ ಸಮಾಧಾನವಾಗಿರಲಾರದು. ತಲೆ ತಗ್ಗಿಸಿದವನಿಗೂ ಆಗಿರಲಾರದು. ಪೂರ್ಣ ಉತ್ತರವನ್ನು ಹುಡುಕಿಕೊಂಡು ನಾನು ಜರ್ಮನಿಗೆ ಹೋಗಬೇಕಾಗಿರಲಿಲ್ಲ, ಮಂಗಳೂರಿಗೂ ಹೋಗಬೇಕಾಗಿರಲಿಲ್ಲ. ಅದರ ಬೇರು ನಮ್ಮ ಬಳ್ಳಾರಿಯಲ್ಲಿಯೇ ಇದೆ.

ಕಿಟ್ಟೆಲರು ಭಾರತಕ್ಕೆ ಬಂದದ್ದು 1853ರಲ್ಲಿ. ಅದಕ್ಕೆ ನಲವತ್ತಮೂರು ವರ್ಷ ಮೊದಲೇ, 1810ರಲ್ಲಿ, ಜಾನ್ ಹ್ಯಾಂಡ್ಸ್ ಎಂಬ ಇಂಗ್ಲಿಷ್ ಪಾದ್ರಿಗಳು ಬಳ್ಳಾರಿಗೆ ಬಂದರು. ಇವರನ್ನು ಕಳುಹಿಸಿದ್ದು 1795ರಲ್ಲಿ ಸ್ಥಾಪಿತವಾದ ಲಂಡನ್ ಮಿಷನರಿ ಸೊಸೈಟಿ. ಮೊದಲು ಇವರು ಶ್ರೀರಂಗಪಟ್ಟಣಕ್ಕೆ ಹೋಗಬೇಕೆಂಬ ಯೋಜನೆ ಇದ್ದಿತು. ಅದು ಕೈಗೂಡದೆ ಬಳ್ಳಾರಿಯ ದಾರಿ ಹಿಡಿದರು. ಹೀಗೆ ಋಣಾನುಬಂಧವೆಂಬಂತೆ ನಮ್ಮ ಊರಿಗೆ ದಕ್ಕಿದ ಮನುಷ್ಯ ಇವರು.

ಆ ಕಾಲದ ಬಳ್ಳಾರಿಯನ್ನು ಸ್ವಲ್ಪ ನೆನಪಿಗೆ ತಂದುಕೊಳ್ಳಬೇಕು. ಹೈದರಾಬಾದಿನ ನಿಜಾಮರು ಈ ಸೀಮೆಯನ್ನು 1800ರಲ್ಲಿ ಇಂಗ್ಲಿಷರ ಕಂಪನಿಗೆ ಬಿಟ್ಟುಕೊಟ್ಟಿದ್ದರು. ಆದುದರಿಂದಲೇ ಇದಕ್ಕೆ ದತ್ತಮಂಡಲವೆಂದು ಹೆಸರಾಯಿತು. ಥಾಮಸ್ ಮನ್ರೋ ಅವರು ಕಲೆಕ್ಟರಾಗಿದ್ದು, ಹೊಲಹೊಲವನ್ನೂ ಅಳೆಯಿಸಿ ಕಂದಾಯ ಕಟ್ಟಿ, 1807ರಲ್ಲಿ ಹೊರಟುಹೋಗಿದ್ದರು. ಗುಡ್ಡದ ಮೇಲೆ ಕೋಟೆ, ಕೆಳಗೆ ದಂಡು, ಸುತ್ತಲೂ ಹತ್ತಿಯ ಹೊಲ. ಪೇಟೆಯಲ್ಲಿ ಒಂದು ಅಂಗಡಿಯಲ್ಲಿ ಕನ್ನಡ, ಪಕ್ಕದ ಅಂಗಡಿಯಲ್ಲಿ ತೆಲುಗು, ದಂಡಿನಲ್ಲಿ ತಮಿಳು, ಕಚೇರಿಯಲ್ಲಿ ಮರಾಠಿ, ಪಾರಸಿ ಶಬ್ದಗಳ ಬೆರಕೆ.

ಇಂಥ ಕಡೆ ಬಂದಿಳಿದ ಪಾದ್ರಿಗೆ ಕಂಪನಿ ಸರ್ಕಾರವೂ ಬೆನ್ನಾಸರೆಯಾಗಿರಲಿಲ್ಲ. ಇದು ನಮ್ಮಲ್ಲಿ ಅನೇಕರಿಗೆ ಆಶ್ಚರ್ಯವೆನಿಸಬಹುದು. ಕಂಪನಿಯವರು ವ್ಯಾಪಾರಿಗಳು, ಜನರ ಮತದ ತಂಟೆಗೆ ಹೋದರೆ ರಾಜ್ಯ ಕೈಬಿಟ್ಟೀತು ಎಂಬ ಭಯ ಅವರಿಗೆ. 1806ರಲ್ಲಿ ವೆಲ್ಲೂರಿನ ಸಿಪಾಯಿಗಳು ದಂಗೆ ಎದ್ದಿದ್ದರು. ಪೇಟ ಗಡ್ಡ ನಾಮಗಳ ವಿಷಯಕ್ಕೆ ಹೊತ್ತಿದ ಕಿಡಿ ಅದು. ಅದು ಆರಿ ನಾಲ್ಕು ವರ್ಷವಾಗಿತ್ತಷ್ಟೆ. ಪಾದ್ರಿಗಳು ಅಪ್ಪಣೆ ಪಡೆದು ಬಂದು ನೆಲೆಸುವುದಕ್ಕೆ ಕಾನೂನಿನ ದಾರಿ ತೆರೆದದ್ದು 1813ರಲ್ಲಿ, ಕಂಪನಿಯ ಸನದನ್ನು ಪಾರ್ಲಿಮೆಂಟು ಹೊಸದಾಗಿ ಮಾಡಿದಾಗ. ಹ್ಯಾಂಡ್ಸ್ ಅವರು ಬಂದದ್ದು ಅದಕ್ಕೂ ಮೂರು ವರ್ಷ ಮುಂಚೆ.

ಅವರ ಮೊದಲ ತೊಡಕು ಭಾಷೆ. ಬೋಧಿಸಬೇಕೆಂದು ಸಾವಿರಾರು ಹರದಾರಿ ಕಡಲು ದಾಟಿ ಬಂದವರು ಬಾಯಿ ತೆರೆದರೆ ಕೇಳುವವರಿಗೆ ಅರ್ಥವಾಗದು. ಇಂಗ್ಲಿಷ್ ಬಲ್ಲವನೊಬ್ಬ ಕನ್ನಡ ಕಲಿಯಬೇಕೆಂದರೆ ಆಗ ಅಚ್ಚಾದ ಪುಸ್ತಕವೇ ಇರಲಿಲ್ಲ. ವಿಲಿಯಂ ಕೇರಿಯವರ ಕರ್ನಾಟಕ ವ್ಯಾಕರಣ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾದದ್ದು 1817ರಲ್ಲಿ. ಮೆಕೆರೆಲ್ ಅವರ ವ್ಯಾಕರಣ ಮದರಾಸಿನಲ್ಲಿ ಹೊರಬಂದದ್ದು 1820ರಲ್ಲಿ. ನಮ್ಮಲ್ಲಿ ವ್ಯಾಕರಣಗಳಿರಲಿಲ್ಲವೆಂದಲ್ಲ. ಕೇಶಿರಾಜನ ಶಬ್ದಮಣಿದರ್ಪಣ, ಭಟ್ಟಾಕಳಂಕನ ಶಬ್ದಾನುಶಾಸನ ಇವೆಲ್ಲ ಇದ್ದುವು. ಆದರೆ ಅವು ಮಠ ಬಸದಿಗಳ ಓಲೆಗರಿಗಳಲ್ಲಿ ಮಲಗಿದ್ದುವು. ಮೇಲಾಗಿ ಅವು ಕವಿಯಾಗಲು ಹೊರಟವನಿಗೆ ಹೇಳಿದ ಶಾಸ್ತ್ರಗಳು. ಸಂತೆಯಲ್ಲಿ ನಿಂತು ಮಾತನಾಡಬೇಕೆಂಬವನಿಗೆ ಅವುಗಳಿಂದ ಹೆಚ್ಚು ಉಪಯೋಗವಿಲ್ಲ.

ಆದುದರಿಂದ ಹ್ಯಾಂಡ್ಸ್ ಅವರು ನಮ್ಮೂರ ಮಗು ಕಲಿಯುವಂತೆಯೇ ಕಿವಿಯಿಂದ ಕಲಿಯಬೇಕಾಯಿತು. ಮುನ್ಷಿಗಳನ್ನು, ಎಂದರೆ ಭಾಷೆ ಕಲಿಸುವ ಪಂಡಿತರನ್ನು, ಎದುರಿಗೆ ಕೂರಿಸಿಕೊಂಡು ಶಬ್ದ ಶಬ್ದವನ್ನೂ ಕೇಳಿ ಬರೆದುಕೊಂಡು, ತಮ್ಮ ಉಪಯೋಗಕ್ಕೆ ತಾವೇ ಶಬ್ದಪಟ್ಟಿಯನ್ನು ಮಾಡಿಕೊಳ್ಳಬೇಕಾಯಿತು. ಕಲಿಸಲೆಂದು ಬಂದವರು ಮೊದಲು ವಿದ್ಯಾರ್ಥಿಯಾದರು. ಈ ಮಾತನ್ನು ನೆನಪಿನಲ್ಲಿಡಿ. ನಾನು ಈ ಹೊತ್ತು ಹೇಳಬೇಕೆಂದಿರುವ ವಿಷಯಕ್ಕೆ ಇದೇ ಗಂಟು.

ಭಾಷೆ ತಕ್ಕಮಟ್ಟಿಗೆ ಕೈವಶವಾಗುತ್ತಲೆ ಅವರು ಮೂರು ಕೆಲಸಗಳಿಗೆ ಕೈ ಹಾಕಿದರು. ಮೊದಲನೆಯದು ಊರೂರು ತಿರುಗಿ ಬೋಧನೆ. ಹಂಪಿಯ ರಥೋತ್ಸವದಂಥ ಜನ ಸೇರುವ ಜಾತ್ರೆಗಳಿಗೆ ಹೋಗಿ, ಮರದ ನೆರಳಿನಲ್ಲಿ ನಿಂತು ಕನ್ನಡದಲ್ಲಿ ಬೋಧಿಸುತ್ತಿದ್ದರು. ಎರಡನೆಯದು ಶಾಲೆ. ಆರಂಭದ ಈ ಶಾಲೆಗಳಲ್ಲಿ ಕನ್ನಡ ಓದು ಬರಹ ಲೆಕ್ಕಗಳನ್ನು ಹೇಳಿಕೊಡುತ್ತಿದ್ದವರು ಬಹುಮಟ್ಟಿಗೆ ಈ ಸೀಮೆಯ ಅಯ್ಯಗಳೇ. ಮೂರನೆಯದು ಬೈಬಲ್ಲನ್ನು ಕನ್ನಡಕ್ಕೆ ತರುವುದು. ಇದು ಅವರ ಆಯುಷ್ಯದ ಬಹುಭಾಗವನ್ನು ತೆಗೆದುಕೊಂಡ ಕೆಲಸ. 1820ರ ದಶಕದಲ್ಲಿ ಹೊಸ ಒಡಂಬಡಿಕೆಯೂ, 1830ರ ದಶಕದ ಮೊದಲ ವರ್ಷಗಳಲ್ಲಿ ಇಡಿಯ ಬೈಬಲ್ಲೂ ಕನ್ನಡದಲ್ಲಿ ಅಚ್ಚಾಗಿ ಬಂದುವು. ಬಂದು ಇಪ್ಪತ್ತು ವರ್ಷಗಳು ಕಳೆದಿದ್ದುವು.

ಅನುವಾದವೆಂದರೆ ಏನು ಕಷ್ಟವೆಂಬುದನ್ನು ಕನ್ನಡ ಪಂಡಿತನಾದ ನನಗೆ ಸ್ವಲ್ಪ ಊಹಿಸಲು ಬರುತ್ತದೆ. ದೇವರು, ಪಾಪ, ಕೃಪೆ, ರಕ್ಷಣೆ, ಭಕ್ತಿ ಈ ಒಂದೊಂದು ಶಬ್ದವೂ ನಮ್ಮ ನಾಡಿನಲ್ಲಿ ಶರಣರು ದಾಸರು ಜೈನಯತಿಗಳು ತಿದ್ದಿ ತೀಡಿ ಬೆಳೆಸಿದ ಶಬ್ದ. ಅವರನ್ನು ಬಿಟ್ಟು ಬೇರೆ ಶಬ್ದಗಳನ್ನು ಎಲ್ಲಿಂದ ತರುವುದು? ತನ್ನ ಮತವನ್ನು ಹೇಳಲು ಬಂದವನು ಇನ್ನೊಂದು ಮತದ ಮನೆಯಿಂದಲೇ ಪಾತ್ರೆಗಳನ್ನು ಕಡ ತರಬೇಕಾಯಿತು. ಇಂದು ಕನ್ನಡ ಬೈಬಲ್ಲಿನಲ್ಲಿ ಕಾಣುವ ಕೆಲವು ಶಬ್ದಗಳನ್ನೇ ನೋಡಿ. 'ಒಡಂಬಡಿಕೆ' ಎಂಬುದು ಅಚ್ಚಗನ್ನಡ. ಒಡಂ ಎಂಬುದರ ಮುಂದೆ ಪಡು ಬಂದು, ಪಕಾರಕ್ಕೆ ಬಕಾರ ಆದೇಶವಾಗಿ ಒಡಂಬಡು ಎಂದಾಯಿತು. ದೇವರಿಗೂ ಮನುಷ್ಯರಿಗೂ ಆದ ಒಪ್ಪಂದವೆಂಬ ಯೆಹೂದ್ಯರ ಬಹು ಹಳೆಯ ಭಾವನೆಗೆ ಈ ರೈತರ ಶಬ್ದ ಎಷ್ಟು ಸೊಗಸಾಗಿ ಹೊಂದಿಕೊಂಡಿದೆ! 'ದೀಕ್ಷಾಸ್ನಾನ' ಎಂಬಲ್ಲಿ ದೀಕ್ಷೆಯೂ ನಮ್ಮದು, ಸ್ನಾನವೂ ನಮ್ಮದು; ಕೂಡಿಸಿ ಹೊಸೆದ ಅರ್ಥ ಹೊಸದು. 'ಸುವಾರ್ತೆ' ಎಂಬುದೂ ಹಾಗೆಯೇ.

ಮೊದಲ ಅನುವಾದದ ಗದ್ಯ ಬಿರುಸಾಗಿತ್ತು, ಅಲ್ಲಲ್ಲಿ ಇಂಗ್ಲಿಷಿನ ವಾಕ್ಯವೇ ಕನ್ನಡದ ಅಂಗಿ ತೊಟ್ಟಂತಿತ್ತು ಎಂಬುದು ನಿಜ. ಮುಂದೆ ಬಾಸೆಲ್ ಮಿಷನ್ನಿನ ವೈಗ್ಲೆ ಮೊದಲಾದವರು ಕೂಡಿ ಅದನ್ನು ತಿದ್ದಿದರು. ಆದರೆ ಹಾದಿಯಿಲ್ಲದ ಕಡೆ ಮೊದಲು ಮುಳ್ಳು ಕಡಿದವನ ಕೈಗೆ ಗೀರು ಹೆಚ್ಚು. ಆಮೇಲೆ ನಡೆದವನಿಗೆ ಹಾದಿ ನುಣುಪು.

1816ರಲ್ಲಿ ಹ್ಯಾಂಡ್ಸ್ ಅವರ ಜೊತೆಗೆ ವಿಲಿಯಂ ರೀವ್ ಎಂಬುವರು ಬಂದು ಸೇರಿದರು. ಬಳ್ಳಾರಿಯಲ್ಲಿ ಇವರ ಒಡನಾಡಿಯಾಗಿದ್ದ ಜೋಸೆಫ್ ಟೇಲರ್ ಅವರು 1820ರಲ್ಲಿ ಬೆಳಗಾವಿಗೆ ಹೋಗಿ ಅಲ್ಲಿ ಮಿಷನ್ನನ್ನು ಆರಂಭಿಸಿದರು. ನಮಗೆ ಇಲ್ಲಿ ಮುಖ್ಯರಾದವರು ರೀವ್ ಅವರು. ಹ್ಯಾಂಡ್ಸ್ ಅವರು ಅನುವಾದಕ್ಕೆ ಕುಳಿತರೆ, ರೀವ್ ಅವರು ನಿಘಂಟಿಗೆ ಕುಳಿತರು. ಇಂಗ್ಲಿಷ್-ಕನ್ನಡ ನಿಘಂಟು 1824ರಲ್ಲಿಯೂ, ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿಯೂ ಮದರಾಸಿನಲ್ಲಿ ಅಚ್ಚಾದುವು.

ನಮ್ಮ ಪೂರ್ವಿಕರೂ ನಿಘಂಟುಗಳನ್ನು ಬರೆದಿದ್ದರು. ರನ್ನಕಂದವಿದೆ, ಮಂಗರಾಜನ ನಿಘಂಟಿದೆ, ಲಿಂಗಮಂತ್ರಿಯ ಕಬ್ಬಿಗರ ಕೈಪಿಡಿಯಿದೆ. ಅವೆಲ್ಲ ಪದ್ಯದಲ್ಲಿವೆ; ಬಾಯಿಪಾಠ ಮಾಡಿದವನಿಗೆ ಮಾತ್ರ ಬಾಗಿಲು ತೆರೆಯುತ್ತವೆ. ನಾನು ಪಂಡಿತ ಪರೀಕ್ಷೆಗೆ ಓದುವಾಗ ಅವನ್ನು ಉರುಹೊಡೆದ ನೆನಪು ಇನ್ನೂ ಇದೆ. ರೀವ್ ಅವರ ಕೋಶವೋ ಅಕಾರಾದಿ. ಅಕ್ಷರ ಬಲ್ಲ ಯಾರೇ ಆದರೂ ತೆರೆದು ತನಗೆ ಬೇಕಾದ ಶಬ್ದದ ಮೇಲೆ ಬೆರಳಿಡಬಹುದು. ಗುರು ಎದುರಿಗಿಲ್ಲದಿದ್ದರೂ ಅರ್ಥ ದೊರೆಯುತ್ತದೆ. ಇದು ಸಣ್ಣ ಬದಲಾವಣೆಯೇನಲ್ಲ.

ಈ ಕೋಶದ ವಂಶಾವಳಿಯನ್ನು ಹಿಡಿದು ಮುಂದೆ ಬನ್ನಿ. 1858ರಲ್ಲಿ ಬೆಂಗಳೂರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯದಲ್ಲಿ ಡೇನಿಯಲ್ ಸ್ಯಾಂಡರ್‌ಸನ್ ಅವರು ಇದನ್ನು ಪರಿಷ್ಕರಿಸಿ ಅಚ್ಚು ಮಾಡಿಸಿದರು. ಅದರಲ್ಲಿಯೂ ಉಳಿದ ಕೊರತೆಗಳನ್ನು ತುಂಬಬೇಕೆಂದು ಹೊರಟು, ಕಾವ್ಯ ಶಾಸನ ಗಾದೆ ಆಡುಮಾತುಗಳನ್ನೆಲ್ಲ ಜಾಲಿಸಿ, ಕಿಟ್ಟೆಲರು 1894ರಲ್ಲಿ ಮಂಗಳೂರಿನಿಂದ ತಮ್ಮ ಮಹಾಕೋಶವನ್ನು ಹೊರತಂದರು. ಅದರಲ್ಲಿ ಸುಮಾರು 70,000 ಶಬ್ದಗಳು. ಅವರೇ 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ ಅಚ್ಚು ಹಾಕಿಸಿದ್ದರು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು 1995ರಲ್ಲಿ ಪೂರ್ಣವಾಯಿತು. ಅದರ ಹಿಂದೆ ಕಿಟ್ಟೆಲ್, ಕಿಟ್ಟೆಲರ ಹಿಂದೆ ಸ್ಯಾಂಡರ್‌ಸನ್, ಸ್ಯಾಂಡರ್‌ಸನ್ನರ ಹಿಂದೆ ಬಳ್ಳಾರಿಯ ರೀವ್.

ಇನ್ನು ಅಚ್ಚುಕೂಟದ ಮಾತು. 1820ರ ದಶಕದಲ್ಲಿ ಬಳ್ಳಾರಿಯ ಮಿಷನ್ನಿನವರು ಅಚ್ಚಿನ ಯಂತ್ರವನ್ನು ತಂದು ಹೂಡಿದರು. ಕನ್ನಡನಾಡಿನ ನೆಲದ ಮೇಲೆ ಮೊದಮೊದಲು ನಿಂತ ಕನ್ನಡ ಅಚ್ಚುಕೂಟಗಳಲ್ಲಿ ಇದೊಂದು. ಕನ್ನಡಕ್ಕೆ ಮೊಳೆ ಮಾಡುವುದು ಇಂಗ್ಲಿಷಿನ ಇಪ್ಪತ್ತಾರು ಅಕ್ಷರದ ಕೆಲಸವಲ್ಲ. ಕಾಗುಣಿತದ ಒಂದೊಂದು ರೂಪಕ್ಕೂ, ಒಂದೊಂದು ಒತ್ತಿಗೂ ಬೇರೆ ಬೇರೆ ಮೊಳೆ ಎರಕ ಹೊಯ್ಯಬೇಕು. ನೂರಾರು ಮನೆಗಳ ಪೆಟ್ಟಿಗೆಯಿಂದ ಒಂದೊಂದನ್ನೇ ಹೆಕ್ಕಿ ಜೋಡಿಸಬೇಕು. ಓಲೆಗರಿಯಲ್ಲಿ ಪದಗಳು ಒಂದಕ್ಕೊಂದು ಅಂಟಿಕೊಂಡು ಹೋಗುತ್ತಿದ್ದುವು. ಅಚ್ಚಿನಲ್ಲಿ ಪದದ ನಡುವೆ ತೆರಪು ಬಂತು, ವಾಕ್ಯದ ಕೊನೆಗೆ ಚುಕ್ಕೆ ಬಂತು. ಈಗ ನೀವು ಯಾವ ಆಯಾಸವೂ ಇಲ್ಲದೆ ಓದುವ ಪತ್ರಿಕೆಯ ಗದ್ಯ ಹಾಗೆ ಮೈ ತಳೆಯಿತು.

ಪತ್ರಿಕೆಯೆಂದಾಗ ಒಂದು ಸಂಗತಿ ಹೇಳಲೇಬೇಕು. ಕನ್ನಡದ ಮೊದಲ ವೃತ್ತಪತ್ರಿಕೆ 'ಮಂಗಳೂರ ಸಮಾಚಾರ'ವೆಂದೂ, ಅದನ್ನು ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ ಅವರು 1843ನೆಯ ಜುಲೈ 1ರಂದು ಆರಂಭಿಸಿದರೆಂದೂ ಶಾಲೆಯ ಮಕ್ಕಳೂ ಬಲ್ಲರು. ಆದರೆ ಅದು ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಮುದ್ರಣವಾಗುತ್ತಿತ್ತು. ಕಲ್ಲಿನ ಮೇಲೆ ಕೈಯಿಂದ ಬರೆದು ಒತ್ತುವ ಈ ವಿಧಾನ ಹೆಚ್ಚು ಪ್ರತಿಗಳಿಗೆ ಒದಗದು. ಮೊಳೆಯಚ್ಚು ಇದ್ದದ್ದು ನಮ್ಮಲ್ಲಿ. 1844ರ ಮಾರ್ಚಿಯಿಂದ ಆ ಪತ್ರಿಕೆ 'ಕನ್ನಡ ಸಮಾಚಾರ'ವೆಂದು ಹೆಸರು ಬದಲಿಸಿಕೊಂಡು ಬಳ್ಳಾರಿಯಲ್ಲಿ ಅಚ್ಚಾಗತೊಡಗಿತು. ಕಡಲ ತೀರದ ಪತ್ರಿಕೆಗೆ ಎರೆಯ ನಾಡಿನಲ್ಲಿ ಅಚ್ಚು! ಒಂದು ಊರಿನ ಹೆಸರನ್ನು ಬಿಟ್ಟು ಇಡಿಯ ಕನ್ನಡದ ಹೆಸರನ್ನು ಅದು ತೊಟ್ಟದ್ದು ಬಳ್ಳಾರಿಗೆ ಬಂದ ಮೇಲೆ ಎಂಬುದು ನಮಗೆ ಸಂತೋಷದ ಮಾತು. ಅದೇ ಮೋಗ್ಲಿಂಗ್ ಅವರು ಮುಂದೆ 1848ರಿಂದ 1853ರ ವರೆಗೆ ಕನ್ನಡ ಕಾವ್ಯಮಾಲೆಯೊಂದನ್ನು ಹೊರಡಿಸಿ ಬಸವಪುರಾಣ, ಜೈಮಿನಿಭಾರತ, ದಾಸರ ಪದಗಳನ್ನು ಅಚ್ಚಿಗೆ ತಂದರು.

ಹ್ಯಾಂಡ್ಸ್ ಅವರು ನೆಟ್ಟ ಶಾಲೆಯ ಸಸಿಯೂ ಬೆಳೆಯಿತು. 1846ರಲ್ಲಿ ಮಿಷನ್ನಿನವರು ಬಳ್ಳಾರಿಯಲ್ಲಿ ವಾರ್ಡ್ಲಾ ವಿದ್ಯಾಸಂಸ್ಥೆಯನ್ನು ಸ್ಥಾಪಿಸಿದರು. ಇದರಲ್ಲಿ ಓದಿದವರೆಲ್ಲ ಕ್ರೈಸ್ತರಾಗಲಿಲ್ಲ; ಓದಿದವರು ಗುಮಾಸ್ತರು, ವಕೀಲರು, ಉಪಾಧ್ಯಾಯರಾದರು. ಲಂಡನ್ ಮಿಷನ್ನಿನ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಕೂಡಿಹೋದುವು. ಆ ಸಭೆಯವರು ನಮ್ಮ ನೆರೆಹೊರೆಯವರು, ಕನ್ನಡದಲ್ಲಿ ಪ್ರಾರ್ಥಿಸುವವರು.

ಇಷ್ಟು ಹೇಳಿದ ಮೇಲೆ ಆ ಹುಡುಗನ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗಬಾರದು. ಹ್ಯಾಂಡ್ಸ್ ಅವರು ಬಂದದ್ದು ನಮ್ಮ ಜನರ ಮತವನ್ನು ಬದಲಿಸುವುದಕ್ಕೆ. ಅದನ್ನು ಅವರು ಮುಚ್ಚಿಡಲಿಲ್ಲ, ನಾವೂ ಮುಚ್ಚಿಡಬೇಕಾಗಿಲ್ಲ. ಆ ಕಾಲದ ಪಾದ್ರಿಗಳು ನಮ್ಮ ಮೂರ್ತಿಪೂಜೆಯನ್ನು ಕತ್ತಲೆಯೆಂದು ಕರೆದರು. ಜಾತ್ರೆಯ ಭಕ್ತಿಯಲ್ಲಿ ಏನಿದೆಯೆಂಬುದನ್ನು ಒಳಹೊಕ್ಕು ನೋಡಿದವರು ಅವರಲ್ಲಿ ವಿರಳ. ಕುರುಗೋಡಿನ ಬಸವಣ್ಣನ ತೇರಿಗೆ ಕೈಮುಗಿದು ಬೆಳೆದ ನನಗೆ ಆ ಮಾತು ಈಗಲೂ ನೋಯುತ್ತದೆ. ಆ ನೋವನ್ನು ಹೇಳದೆ ಬರಿಯ ಹೊಗಳಿಕೆ ಮಾಡಿದರೆ ಅದು ಉಪಾಧ್ಯಾಯನ ಮಾತಾಗದು.

ಆದರೆ ತಾನು ಹೇಳಬೇಕೆಂದದ್ದನ್ನು ಬಲದಿಂದ ಹೇರಲಾರದವನು ನುಡಿಯಿಂದ ಹೇಳಬೇಕು. ನುಡಿಯಿಂದ ಹೇಳಬೇಕಾದವನು ಕೇಳುವವನ ನುಡಿಯನ್ನು ಕಲಿಯಬೇಕು. ಕಲಿಯಬೇಕಾದವನು ಅವನ ಮುಂದೆ ಸ್ವಲ್ಪ ಬಾಗಲೇಬೇಕು. ಜಾನ್ ಹ್ಯಾಂಡ್ಸ್ ಅವರ ಬೋಧನೆಯನ್ನು ಒಪ್ಪಿದವರು ಕೆಲವರು, ಒಪ್ಪದವರು ಬಹಳ. ಆದರೆ ಆ ಬೋಧನೆಗಾಗಿ ಅವರೂ ಅವರ ಜೊತೆಗಾರರೂ ಮಾಡಿಕೊಂಡ ಸಲಕರಣೆಗಳು, ಎಂದರೆ ನಿಘಂಟು, ಅಚ್ಚಿನ ಮೊಳೆ, ಶಾಲೆ, ಸಾಮಾನ್ಯನಿಗೆ ತಿಳಿಯುವ ಗದ್ಯ, ಇವು ಒಪ್ಪದವರ ಕೈಗೂ ಬಂದುವು. ಬಾವಿ ತೋಡಿದವನು ತನ್ನ ತೋಟಕ್ಕೆಂದು ತೋಡಿದ. ನೀರು ಊರಿಗೆಲ್ಲ ಆಯಿತು.

ಇನ್ನೊಂದು ಋಣವೂ ಇದೆ; ಅದನ್ನು ನಾವು ಮರೆಯುವುದು ಹೆಚ್ಚು. ರೀವ್ ಅವರ ನಿಘಂಟಿನ ಮುಖಪುಟದಲ್ಲಿ ರೀವ್ ಅವರ ಹೆಸರಿದೆ; ಅವರಿಗೆ ಶಬ್ದ ಹೇಳಿಕೊಟ್ಟ ಮುನ್ಷಿಯ ಹೆಸರಿಲ್ಲ. ಹಣೆಯ ಮೇಲೆ ವಿಭೂತಿಯನ್ನೋ ನಾಮವನ್ನೋ ಧರಿಸಿ ಬೆಳಗ್ಗೆ ಪೂಜೆ ಮುಗಿಸಿ ಬಂದು, ಪಾದ್ರಿಯ ಎದುರು ಚಾಪೆಯ ಮೇಲೆ ಕುಳಿತು, "ಇದು ಹಾಗಲ್ಲ, ಹೀಗೆ" ಎಂದು ತಾಳ್ಮೆಯಿಂದ ತಿದ್ದಿದ ಪಂಡಿತರು ಇಲ್ಲದಿದ್ದರೆ ಆ ಕೋಶ ಒಂದು ಪುಟವೂ ಸಾಗುತ್ತಿರಲಿಲ್ಲ. ತನ್ನ ಮತದ ವಿರುದ್ಧ ಬಳಕೆಯಾಗಬಹುದಾದ ಮಾತನ್ನೂ ಅವರು ತಪ್ಪಿಲ್ಲದೆ ಕಲಿಸಿದರು. ಅಕ್ಷರವನ್ನು ಕೇಳಿ ಬಂದವನಿಗೆ ಇಲ್ಲವೆನ್ನಬಾರದೆಂಬ ಧರ್ಮ ಅವರದು. ಆ ಕೆಲಸದಲ್ಲಿ ಎರಡು ಮತದವರು ಇಪ್ಪತ್ತು ಮೂವತ್ತು ವರ್ಷ ಒಂದೇ ಶಬ್ದದ ಮೇಲೆ ತಲೆಬಾಗಿ ಕುಳಿತಿದ್ದರು.

ಮರುವಾರ ತರಗತಿಗೆ ಹೋದಾಗ ಮತ್ತೆ ಕಿಟ್ಟೆಲರ ಕೋಶವನ್ನು ತರಿಸಿದೆ. ಪ್ರಶ್ನೆ ಕೇಳಿದ ಹುಡುಗನನ್ನೂ ಹಿಂದಿನ ಬೆಂಚಿನ ಹುಡುಗನನ್ನೂ ಮೇಜಿನ ಬಳಿಗೆ ಕರೆದು, "ನಮ್ಮ ಊರಿನ ಹೆಸರಿನಲ್ಲಿರುವ ಹಟ್ಟಿ ಎಂಬ ಶಬ್ದವನ್ನು ಹುಡುಕಿರಪ್ಪಾ" ಎಂದೆ. ಒಬ್ಬ ಪುಟ ತಿರುವಿದ, ಇನ್ನೊಬ್ಬ ಬೆರಳಿಟ್ಟು ಸಾಲು ಹಿಡಿದ. ದನದ ದೊಡ್ಡಿ, ವಾಸದ ಸ್ಥಳ, ಸಣ್ಣ ಊರು ಎಂದು ಅರ್ಥ ಸಿಕ್ಕಿತು. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಗುವ ನಿಯಮವನ್ನು ನೆನಪಿಸಿ, ಪಟ್ಟಿ ಎಂಬುದೇ ಹಟ್ಟಿಯಾಯಿತೆಂದು ಹೇಳಿದೆ.

ಆಮೇಲೆ ಈಗ ನಿಮಗೆ ಹೇಳಿದ ಕಥೆಯನ್ನೇ ಅವರಿಗೂ ಹೇಳಿದೆ. ಪಾದ್ರಿಗಳ ಉದ್ದೇಶವನ್ನೂ ಹೇಳಿದೆ, ಮುನ್ಷಿಗಳ ಔದಾರ್ಯವನ್ನೂ ಹೇಳಿದೆ. ಪಾಠ ಮುಗಿದ ಮೇಲೆ ಆ ಭಾರವಾದ ಗ್ರಂಥವನ್ನು ಅವರಿಬ್ಬರೇ ಎತ್ತಿಕೊಂಡು ಪುಸ್ತಕಭಂಡಾರಕ್ಕೆ ಹೋದರು. ದಾರಿಯಲ್ಲಿ ಬೀಳಿಸೀರಿ ಎಂದು ಕೂಗಿ ಎಚ್ಚರಿಸಿದೆ. ಬೀಳಿಸಲಿಲ್ಲ.